ಬಂಡೆಯ ಮೇಲಿನ ತಪಸ್ವಿ ಅರ್ಜುನನೋ, ಭಗೀರಥನೋ?

ಪ್ರಶ್ನೆ: ಪದವಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಪಂಪಭಾರತ, ಕುಮಾರವ್ಯಾಸ ಎರಡರಲ್ಲೂ ಕಿರಾತಾರ್ಜುನ ಪ್ರಸಂಗವನ್ನು ಪಾಠ ಹೇಳಿದ್ದೇನೆ. ವಿದ್ಯಾರ್ಥಿಗಳನ್ನು ಕರೆದುಕೊಂಡು ಮಹಾಬಲಿಪುರಕ್ಕೆ ಹೋದಾಗ ‘ಅರ್ಜುನನ ತಪಸ್ಸು’ ಎನ್ನುವ ದೊಡ್ಡ ಬಂಡೆಯ ಮುಂದೆ ಗಲಿಬಿಲಿಯಾಯಿತು. ಹಂದಿ ಇಲ್ಲ, ಕಾಳಗ ಇಲ್ಲ, ಶಿವ ಬೇಡನ ವೇಷದಲ್ಲಿಲ್ಲ. ಊರಿಗೆ ಬಂದು ಓದಿದರೆ, ಅದು ಗಂಗಾವತರಣ ಎಂದೂ ಬರೆದಿದ್ದಾರೆ. ಯಾವುದು ಸರಿ? ಕಾವ್ಯದ ಸನ್ನಿವೇಶವನ್ನು ಶಿಲ್ಪದ ಪಕ್ಕ ಇಟ್ಟು ನೋಡಲು ವಿದ್ಯಾರ್ಥಿಗಳಿಗೆ ಕಲಿಸಬಹುದಾದ ಕ್ರಮ ಇದೆಯೇ?

ಉತ್ತರ: ನೀವು ಹಂದಿಯನ್ನು ಹುಡುಕಿದಿರಲ್ಲ, ಕೆಲಸ ಶುರುವಾಗಬೇಕಾದದ್ದು ಅಲ್ಲಿಂದಲೇ. ಹೆಚ್ಚಿನವರು ಒಂಟಿಕಾಲಲ್ಲಿ ನಿಂತ ತಪಸ್ವಿಯನ್ನು ಕಂಡ ಕೂಡಲೇ ಅರ್ಜುನ ಎಂದು ಒಪ್ಪಿಕೊಂಡು, ಉಳಿದ ನೂರಕ್ಕೂ ಹೆಚ್ಚು ಆಕೃತಿಗಳನ್ನು ಅವನ ಸುತ್ತಲಿನ ಅಲಂಕಾರ ಎಂದು ಬಿಟ್ಟುಬಿಡುತ್ತಾರೆ. ಎಡವುವುದು ಅಲ್ಲೇ. ಈ ಬಂಡೆಯ ವಿಷಯದಲ್ಲಂತೂ ತಪಸ್ವಿಯ ಭಂಗಿ ಏನನ್ನೂ ತೀರ್ಮಾನ ಮಾಡುವುದಿಲ್ಲ.

ಮೊದಲು ಕಾಲದ ಲೆಕ್ಕ. ಬಂಡೆಯ ಕೆತ್ತನೆ ಪಲ್ಲವರ ಕಾಲದ್ದು. ಸಾಮಾನ್ಯವಾಗಿ ಮಾಮಲ್ಲ ಎಂಬ ಬಿರುದಿನ ಒಂದನೆಯ ನರಸಿಂಹವರ್ಮನ ಕಾಲಕ್ಕೆ, ಅಂದರೆ 7ನೆಯ ಶತಮಾನದ ನಡುಭಾಗಕ್ಕೆ ಹಾಕುತ್ತಾರೆ. ಪಂಪ ವಿಕ್ರಮಾರ್ಜುನ ವಿಜಯ ಬರೆದದ್ದು 941ರಲ್ಲಿ. ಕುಮಾರವ್ಯಾಸ ಇನ್ನೂ ಐದು ಶತಮಾನ ಈಚೆಯವನು. ಹಾಗಾಗಿ ಈ ಇಬ್ಬರಲ್ಲಿರುವ ವಿವರ ಬಂಡೆಯ ಮೇಲಿಲ್ಲ ಎಂದು ಶಿಲ್ಪಿಯನ್ನು ಕೇಳುವಂತಿಲ್ಲ. ಶಿಲ್ಪಿ ಯಾವ ಪಠ್ಯವನ್ನು ನೆಚ್ಚಿದ್ದ ಎಂದು ಕೇಳುವಾಗ ನಮ್ಮ ಮುಂದಿರುವುದು ಮೂರೇ: ವ್ಯಾಸಭಾರತದ ವನಪರ್ವದ ಕೈರಾತ ಭಾಗ, ಭಾರವಿಯ ಕಿರಾತಾರ್ಜುನೀಯ, ವಾಲ್ಮೀಕಿ ರಾಮಾಯಣದ ಬಾಲಕಾಂಡದಲ್ಲಿ ಬರುವ ಗಂಗೆಯ ಕಥೆ. ಭಾರವಿ ಆ ಹೊತ್ತಿಗಾಗಲೇ ಹೆಸರಾಗಿದ್ದ ಎನ್ನುವುದಕ್ಕೆ ಸಾಕ್ಷಿ ನಮ್ಮಲ್ಲೇ ಇದೆ. ಐಹೊಳೆಯ ಮೇಗುಟಿಯಲ್ಲಿ ರವಿಕೀರ್ತಿ 634ರಲ್ಲಿ ಬರೆದ ಶಾಸನ ಕಾಳಿದಾಸನ ಜೊತೆಗೇ ಭಾರವಿಯ ಹೆಸರನ್ನು ಹೇಳುತ್ತದೆ. ಪಂಪ ಮತ್ತು ಕುಮಾರವ್ಯಾಸರನ್ನು ಬೇರೆ ಪ್ರಶ್ನೆಗೆ ಇಟ್ಟುಕೊಳ್ಳಿ. ಒಂದೇ ಪ್ರಸಂಗವನ್ನು ಕಲ್ಲು ಹೇಗೆ ಕಂಡಿತು, ಕನ್ನಡ ಹೇಗೆ ಕಂಡಿತು ಎಂದು ನೋಡಲು ಅವರು ಬೇಕೇ ಬೇಕು.

ಎರಡನೆಯದು, ಮೂಲವನ್ನು ‘ನಡೆ’ಗಳಾಗಿ ಬಿಡಿಸುವುದು. ಕಾವ್ಯದಲ್ಲಿ ಕಾಲ ಹರಿಯುತ್ತದೆ, ಕಲ್ಲಿನಲ್ಲಿ ಎಲ್ಲವೂ ಒಟ್ಟಿಗೇ ನಿಂತಿರುತ್ತದೆ. ಆದ್ದರಿಂದ ಯಾವ ನಡೆಯಲ್ಲಿ ಯಾರು ಇದ್ದಾರೆ, ಮೈ ಹೇಗಿದೆ, ಕೈಯಲ್ಲೇನಿದೆ, ಎಲ್ಲಿ ನಿಂತಿದ್ದಾರೆ ಎಂಬ ನಾಲ್ಕು ವಿಷಯವನ್ನು ಪ್ರಯಾಣಕ್ಕೆ ಮೊದಲೇ ಬರೆದಿಟ್ಟುಕೊಳ್ಳಬೇಕು. ಶಿಲ್ಪದ ಮುಂದೆ ನಿಂತ ಮೇಲೆ ಪಠ್ಯವನ್ನು ನೆನಪಿಸಿಕೊಳ್ಳಲು ಹೋದರೆ, ಕಣ್ಣಿಗೆ ಕಂಡದ್ದನ್ನೇ ಪಠ್ಯದಲ್ಲೂ ಇತ್ತು ಎಂದು ಮನಸ್ಸು ಸೇರಿಸಿಬಿಡುತ್ತದೆ.

ವ್ಯಾಸನಲ್ಲಿ ನಡೆಗಳು ಹೀಗಿವೆ. ಅರ್ಜುನ ಗಾಂಡೀವ, ಕತ್ತಿ, ಕವಚಗಳೊಂದಿಗೆ ಹೊರಡುತ್ತಾನೆ. ಇಂದ್ರಕೀಲದಲ್ಲಿ ಇಂದ್ರ ತಾಪಸನಾಗಿ ಎದುರಾಗುತ್ತಾನೆ. ಆಮೇಲೆ ತಪಸ್ಸು: ಮೊದಲ ತಿಂಗಳು ಮೂರು ರಾತ್ರಿಗೊಮ್ಮೆ ಹಣ್ಣು, ಎರಡನೆಯ ತಿಂಗಳು ಆರು ರಾತ್ರಿಗೊಮ್ಮೆ, ಮೂರನೆಯ ತಿಂಗಳು ಪಕ್ಷಕ್ಕೊಮ್ಮೆ ಉದುರಿದ ಎಲೆ. ನಾಲ್ಕನೆಯ ತಿಂಗಳು ಗಾಳಿಯೇ ಆಹಾರ. ತೋಳೆತ್ತಿ, ಯಾವ ಆಸರೆಯೂ ಇಲ್ಲದೆ, ಕಾಲ ಹೆಬ್ಬೆರಳ ತುದಿಯ ಮೇಲೆ ನಿಂತಿರುತ್ತಾನೆ. ಋಷಿಗಳು ಹೋಗಿ ಶಿವನಿಗೆ ದೂರು ಕೊಡುತ್ತಾರೆ. ಶಿವ ಕಿರಾತನಾಗಿ, ಉಮೆಯೊಂದಿಗೆ ಬರುತ್ತಾನೆ. ಮೂಕನೆಂಬ ದಾನವ ಹಂದಿಯಾಗಿ ನುಗ್ಗುತ್ತಾನೆ. ಇಬ್ಬರ ಬಾಣವೂ ಒಟ್ಟಿಗೆ ನಾಟುತ್ತದೆ. ಜಗಳ, ಬಿಲ್ಲಿನ ಕಾಳಗ, ಮುಷ್ಟಿಯುದ್ಧ, ಅರ್ಜುನನ ಸೋಲು. ಕೊನೆಗೆ ಶಿವ ನಿಜರೂಪ ತೋರಿ ಪಾಶುಪತಾಸ್ತ್ರ ಕೊಡುತ್ತಾನೆ.

ಇಲ್ಲಿ ಗುರುತು ಹಾಕಿಕೊಳ್ಳಬೇಕಾದ ಸಂಗತಿ ಒಂದಿದೆ. ತೋಳೆತ್ತಿ ನಿಂತ ಅರ್ಜುನನಿಗೂ ವರ ಕೊಡುವ ಶಿವನಿಗೂ ನಡುವೆ ಹಂದಿ, ಜಗಳ, ಯುದ್ಧ ಎಲ್ಲವೂ ನಡೆದುಹೋಗಿವೆ. ವರ ಸಿಗುವಾಗ ಅರ್ಜುನ ತಪಸ್ಸಿನ ಭಂಗಿಯಲ್ಲಿಲ್ಲ. ಕಾಳಗದಲ್ಲಿ ನುಜ್ಜುಗುಜ್ಜಾಗಿ ಶರಣಾಗಿದ್ದಾನೆ.

ಭಾರವಿ ಇದೇ ಕಥೆಯನ್ನು 18 ಸರ್ಗಗಳಿಗೆ ಹಿಗ್ಗಿಸಿದ್ದಾನೆ. ತಪಸ್ಸಿನ ಚಿತ್ರ 6ನೆಯ ಸರ್ಗದಲ್ಲಿ ಶುರುವಾಗಿ, ಅಪ್ಸರೆಯರು ಬಂದು ಹೋದ ಮೇಲೆ 12ರಲ್ಲಿ ಮತ್ತೆ ಬರುತ್ತದೆ. ಅಲ್ಲಿ ಅರ್ಜುನ ಸೂರ್ಯನಿಗೆ ಮುಖ ಮಾಡಿ, ಉಪವಾಸವಿದ್ದು, ಒಂದೇ ಕಾಲ ಮೇಲೆ ದಿನಗಳನ್ನು ಕಳೆಯುತ್ತಾನೆ. ಕಾಡಿನ ಮೃಗಗಳು ಒಂದನ್ನೊಂದು ಹಿಂಸಿಸದೆ, ಗುರುವಿನ ಬಳಿ ಶಿಷ್ಯರು ಇರುವಂತೆ ಅವನ ಸುತ್ತ ಇರುತ್ತವೆ ಎಂದು 6ನೆಯ ಸರ್ಗದಲ್ಲಿ ಹೇಳಿದ್ದಾನೆ. ಇದನ್ನು ಬಂಡೆಯ ಪ್ರಾಣಿಗಳ ಪಕ್ಕ ಇಟ್ಟು ನೋಡಲೇಬೇಕು. ಆದರೆ ಭಾರವಿಯ ಅರ್ಜುನ ತಪಸ್ಸಿನಲ್ಲೂ ಬಿಲ್ಲು ಬಿಟ್ಟವನಲ್ಲ. ಮುದಿ ಋಷಿಯ ವೇಷದಲ್ಲಿ ಬಂದ ಇಂದ್ರ 11ನೆಯ ಸರ್ಗದಲ್ಲಿ ಕೆಣಕುವುದೇ ಅದನ್ನು: ತಪಸ್ಸಿಗೆ ಕೂತವನಿಗೆ ಕವಚ, ಬಿಲ್ಲು, ಬಾಣ ಯಾಕೆ? ಆ ಪ್ರಶ್ನೆ, ಅದಕ್ಕೆ ಅರ್ಜುನ ಕೊಡುವ ಉತ್ತರ, ಕಾವ್ಯದ ಬೆನ್ನೆಲುಬು.

ವಾಲ್ಮೀಕಿಯಲ್ಲಿ ವಿಶ್ವಾಮಿತ್ರ ರಾಮನಿಗೆ ಹೇಳುವ ಕಥೆ ಇದು. ಭಗೀರಥ ಗೋಕರ್ಣದಲ್ಲಿ ತೋಳೆತ್ತಿ, ಪಂಚಾಗ್ನಿಯ ನಡುವೆ, ತಿಂಗಳಿಗೊಮ್ಮೆ ಊಟ ಮಾಡುತ್ತ ತಪಸ್ಸು ಮಾಡುತ್ತಾನೆ. (ಆ ಗೋಕರ್ಣ ನಮ್ಮ ಉತ್ತರ ಕನ್ನಡದ್ದೇ ಎಂಬ ನಂಬಿಕೆ ಇಲ್ಲಿ ಹಳೆಯದು.) ಬ್ರಹ್ಮ ಒಪ್ಪುತ್ತಾನೆ, ಆದರೆ ಗಂಗೆಯ ಬೀಳುವಿಕೆಯನ್ನು ತಡೆಯಬಲ್ಲವನು ಶಿವನೊಬ್ಬನೇ ಎನ್ನುತ್ತಾನೆ. ಭಗೀರಥ ಮತ್ತೆ ಒಂದು ವರ್ಷ, ಹೆಬ್ಬೆರಳ ತುದಿಯಿಂದ ನೆಲವನ್ನು ಒತ್ತಿಕೊಂಡು ನಿಲ್ಲುತ್ತಾನೆ. ವರ್ಷ ತುಂಬಿದ ಕೂಡಲೇ ಶಿವ ಎದುರಿಗೆ ಬಂದು, ಮೆಚ್ಚಿದೆ, ಗಂಗೆಯನ್ನು ತಲೆಯ ಮೇಲೆ ಹೊರುತ್ತೇನೆ ಎನ್ನುತ್ತಾನೆ. ಆಮೇಲೆ ಗಂಗೆ ಬೀಳುತ್ತಾಳೆ. ಆ ಅದ್ಭುತ ನೋಡಲು ದೇವತೆಗಳು, ಋಷಿಗಳು, ಗಂಧರ್ವರು, ಯಕ್ಷರು, ಸಿದ್ಧರು ಸೇರುತ್ತಾರೆ. ನೀರಿನ ಜೊತೆ ಮೀನು, ಮೊಸಳೆಯಂಥ ಶಿಂಶುಮಾರಗಳು, ಉರಗಗಳ ಗುಂಪು ಹರಿದುಬರುತ್ತವೆ. ಆಕಾಶ ಮಿಂಚಿದಂತೆ ಕಾಣುತ್ತದೆ.

ಎರಡೂ ಕಥೆಯ ತಪಸ್ವಿಯನ್ನು ಪಕ್ಕಪಕ್ಕ ಇಡಿ. ಇಬ್ಬರೂ ಊರ್ಧ್ವಬಾಹುಗಳು, ಇಬ್ಬರೂ ಹೆಬ್ಬೆರಳ ತುದಿಯಲ್ಲಿ ನಿಂತವರು, ಇಬ್ಬರೂ ಶಿವನನ್ನು ಮೆಚ್ಚಿಸಿದವರು. ಘೋರತಪಸ್ಸಿಗೆ ನಮ್ಮ ಕಾವ್ಯಗಳಲ್ಲಿದ್ದ ಸಿದ್ಧ ಚಿತ್ರ ಅದು. ಆದ್ದರಿಂದ ಬಂಡೆಯ ಮೇಲೆ ಎಲುಬು ಕಾಣುವಂತೆ ಬಡಕಲಾಗಿ, ಗಡ್ಡ ಬಿಟ್ಟು, ಒಂಟಿಕಾಲಲ್ಲಿ ತೋಳೆತ್ತಿ ನಿಂತವನಿಗೆ ಈ ಲೆಕ್ಕದಲ್ಲಿ ಅಂಕ ಸೊನ್ನೆ. ವಿದ್ಯಾರ್ಥಿಗಳಿಗೆ ಇದನ್ನು ಮೊದಲು ಹೇಳಿ. ಎರಡು ಕಥೆಗೂ ಸಲ್ಲುವ ವಿವರ ಸಾಕ್ಷಿಯಾಗುವುದಿಲ್ಲ. ಒಂದೇ ಕಥೆಯಿಂದ ಅರ್ಥವಾಗುವ ವಿವರ ಸಾಕ್ಷಿ. ಒಂದು ಕಥೆಗೆ ಅನಿವಾರ್ಯವಾಗಿದ್ದೂ ಶಿಲ್ಪದಲ್ಲಿ ಇಲ್ಲದಿರುವ ವಿವರ ಅದಕ್ಕಿಂತ ದೊಡ್ಡ ಸಾಕ್ಷಿ. ಆದರೆ ಒಡೆದುಹೋದ, ಕೆತ್ತದೆ ಬಿಟ್ಟ ಜಾಗದಲ್ಲಿ ‘ಇಲ್ಲ’ ಎಂದು ಬರೆಯಬಾರದು. ಈ ಬಂಡೆಯ ಎಡ ಕೆಳಭಾಗ ಪೂರ್ತಿ ಕೆತ್ತಿದ್ದಲ್ಲ.

ಇನ್ನು ಬಂಡೆಯನ್ನು ನೋಡುವ ಬಗೆ. ಸುಮಾರು 30 ಮೀಟರ್ ಉದ್ದದ, ಎತ್ತರದಲ್ಲಿ ಅದರ ಅರ್ಧದಷ್ಟೂ ಇಲ್ಲದ ಎರಡು ಭಾರೀ ಬಂಡೆಗಳು. ನಡುವೆ ಮೇಲಿಂದ ಕೆಳಗಿನವರೆಗೆ ಸಹಜವಾದ ಸೀಳು. ಮುಖ ಪೂರ್ವಕ್ಕೆ. ಬಿಸಿಲು ಓರೆಯಾಗಿ ಬೀಳುವ ಬೆಳಗಿನ ಹೊತ್ತಿನಲ್ಲಿ ಗೆರೆಗಳು ಎದ್ದು ಕಾಣುತ್ತವೆ. ಮಧ್ಯಾಹ್ನ ದಾಟಿದರೆ ಇಡೀ ಮುಖ ನೆರಳಿಗೆ ಹೋಗಿ ಕೆತ್ತನೆ ಚಪ್ಪಟೆಯಾಗಿ ತೋರುತ್ತದೆ. ಆಗ ತೆಗೆದ ಫೋಟೋದಲ್ಲಿ ಚಿಕ್ಕ ಆಕೃತಿಗಳು ಕಳೆದೇಹೋಗುತ್ತವೆ. ತಪಸ್ವಿ, ಶಿವ, ಹಾರುವ ಜೋಡಿಗಳೆಲ್ಲ ಮೇಲ್ಭಾಗದಲ್ಲಿರುವುದರಿಂದ 8x ಬೈನಾಕ್ಯುಲರ್ ಒಂದು ಗುಂಪಿಗೆ ಒಂದಾದರೂ ಇರಲಿ. ಮೊದಲು ದೂರ ನಿಂತು ಇಡೀ ಬಂಡೆಯ ಒಂದು ಫೋಟೋ, ಆಮೇಲೆ ಎಡದಿಂದ ಬಲಕ್ಕೆ ಒಂದರ ಮೇಲೊಂದು ಸ್ವಲ್ಪ ಹಾಯುವಂತೆ ಆರೇಳು ಫೋಟೋ. ಎಡ ಬಲ ಎಂದು ಬರೆಯುವಾಗ ನೋಡುವವರ ಎಡವೋ ಆಕೃತಿಯ ಎಡವೋ ಎಂದು ತಪ್ಪದೆ ಸೂಚಿಸಬೇಕು. ಶಿವನ ಯಾವ ಕೈಯಲ್ಲಿ ಏನಿದೆ ಎಂಬ ಟಿಪ್ಪಣಿಗಳು ತಲೆಕೆಳಗಾಗುವುದು ಇದೊಂದರಿಂದಲೇ.

ತಪಸ್ವಿಯನ್ನು ಬಿಟ್ಟು ಸೀಳಿನಿಂದ ಶುರುಮಾಡಿ. ಸೀಳಿನೊಳಗೆ ಹೆಡೆಯೆತ್ತಿದ ನಾಗರಾಜ, ಅವನ ಕೆಳಗೆ ನಾಗಿಣಿ, ಕೈಮುಗಿದು ಮೇಲಕ್ಕೆ ಸಾಗುವಂತೆ ಇದ್ದಾರೆ. ಈಗ ಎಡಬಲದ ಆಕೃತಿಗಳ ಮುಖ ಎತ್ತ ತಿರುಗಿದೆ ಎಂದು ಒಂದೊಂದಾಗಿ ನೋಡಿ. ಹಾರುತ್ತಿರುವ ಗಂಧರ್ವ ಜೋಡಿಗಳು, ಕಿನ್ನರರು, ಗಣಗಳು, ಸಿಂಹಗಳು, ಬಲಗಡೆಯ ಆನೆಗಳು, ಹೆಚ್ಚುಕಡಿಮೆ ಎಲ್ಲವೂ ಸೀಳಿನತ್ತ ಸಾಗುತ್ತಿವೆ. ತಪಸ್ವಿಯತ್ತ ಅಲ್ಲ. ತಪಸ್ವಿ ಇರುವುದು ಎಡ ಬಂಡೆಯ ಮೇಲ್ಭಾಗದಲ್ಲಿ. ಬಲ ಬಂಡೆಯ ಆನೆಗಳಿಗೆ ಅವನು ಕಾಣುವ ಸ್ಥಾನವೂ ಅಲ್ಲ ಅದು. ಇಡೀ ರಚನೆಯ ನಟ್ಟನಡುವೆ ಇರುವುದು ಸೀಳು. ಬಂಡೆಯ ನೆತ್ತಿಯ ಮೇಲೆ ನೀರು ಕೂಡಿಡುವ ತೊಟ್ಟಿ ಇದ್ದದ್ದರ ಕುರುಹು ಸಿಕ್ಕಿದೆ. ವಿಶೇಷ ದಿನಗಳಲ್ಲಿ ಮೇಲಿಂದ ನೀರು ಬಿಟ್ಟರೆ ನಾಗರ ಮೈಮೇಲೆ ಹರಿದು ಕೆಳಗೆ ಬೀಳುತ್ತಿತ್ತು ಎಂದು ಊಹಿಸಲು ಇದೇ ಆಧಾರ.

ಸೀಳಿನ ಎಡದಂಡೆಯಲ್ಲಿ ಕೆಳಗೆ ಇಳಿಯಿರಿ. ಚಿಕ್ಕದೊಂದು ಗುಡಿ, ಒಳಗೆ ನಿಂತ ವಿಷ್ಣು. ಮುಂದೆ ಕೂತ ತಾಪಸರು, ಕೆಲವರ ತಲೆ ಒಡೆದಿದೆ. ಅದರ ಕೆಳಗೆ ನದಿಯ ಸೋಪಾನದಲ್ಲಿ ನಡೆಯುವ ದಿನನಿತ್ಯದ ಕೆಲಸ: ಒಬ್ಬ ಹೆಗಲ ಮೇಲೆ ನೀರಿನ ಕೊಡ ಹೊತ್ತಿದ್ದಾನೆ, ಒಬ್ಬ ಮಿಂದು ಒದ್ದೆ ಬಟ್ಟೆ ಹಿಂಡುತ್ತಿದ್ದಾನೆ, ಒಬ್ಬ ತೋಳೆತ್ತಿ ಬೆರಳ ಸಂದಿಯಿಂದ ಸೂರ್ಯನನ್ನು ನೋಡುತ್ತಿದ್ದಾನೆ. ಅಲ್ಲೇ ಹತ್ತಿರ ಜಿಂಕೆಯೊಂದು ಹಿಂಗಾಲಿನಿಂದ ಮೂತಿ ತುರಿಸಿಕೊಳ್ಳುತ್ತಿದೆ. ಬಟ್ಟೆ ಹಿಂಡುವವನನ್ನು ಹತ್ತಿರದಿಂದ ನೋಡಿ. ಇಷ್ಟು ದೊಡ್ಡ ದೈವಿಕ ಘಟನೆಯ ನಡುವೆ ಬಟ್ಟೆಯ ತಿರುಚನ್ನು ಅಷ್ಟು ಕಾಳಜಿಯಿಂದ ಕೆತ್ತಿದ ಶಿಲ್ಪಿಗೆ, ಇಲ್ಲಿ ನೀರು ಹರಿಯುತ್ತಿದೆ ಎಂದು ನೋಡುವವನಿಗೆ ಮುಟ್ಟಿಸುವುದು ಮುಖ್ಯವಾಗಿತ್ತು. ಅರ್ಜುನನ ಕಥೆಗೆ ನದಿ ಬೇಕೇ ಬೇಕು ಎಂದಿಲ್ಲ. ಭಗೀರಥನ ಕಥೆಯೇ ನದಿಯದು.

ಬಲಗಡೆ ದೊಡ್ಡ ಆನೆಗಳ ಹತ್ತಿರ ಎಲ್ಲರೂ ತೋರಿಸುವ ಬೆಕ್ಕು ಇದೆ. ಹಿಂಗಾಲ ಮೇಲೆ ನಿಂತು ಮುಂಗಾಲೆರಡನ್ನೂ ತಲೆಯ ಮೇಲೆತ್ತಿದೆ, ಹೊಟ್ಟೆ ಒಳಸರಿದು ಪಕ್ಕೆಲುಬು ಕಾಣುತ್ತದೆ, ಕಾಲ ಬಳಿ ಇಲಿಗಳು. ಮೇಲಿನ ತಪಸ್ವಿ, ದಂಡೆಯ ಮನುಷ್ಯ, ಈ ಬೆಕ್ಕು ಮೂವರದೂ ಒಂದೇ ಭಂಗಿ. ಮಹಾಭಾರತದ ಉದ್ಯೋಗಪರ್ವದಲ್ಲಿ ದುರ್ಯೋಧನ ಉಲೂಕನ ಮೂಲಕ ಧರ್ಮರಾಯನಿಗೆ ಹೇಳಿಕಳಿಸುವ ಚುಚ್ಚುಮಾತಿನಲ್ಲಿ ಇದೇ ಕಥೆ ಬರುತ್ತದೆ: ದುಷ್ಟ ಬೆಕ್ಕೊಂದು ಗಂಗಾತೀರದಲ್ಲಿ ತೋಳೆತ್ತಿ ನಿಂತು, ತಪಸ್ವಿ ಎಂದು ನಂಬಿ ಬಂದ ಇಲಿಗಳನ್ನು ಒಂದೊಂದಾಗಿ ತಿಂದುಹಾಕಿತು. ಈ ವಿವರ ಎರಡೂ ಕಡೆ ಎಳೆಯುತ್ತದೆ. ಕಥೆ ಪಾಂಡವರದು, ಜಾಗ ಗಂಗಾತೀರ. ಭಾರವಿ ಹೇಳಿದ ಹಾಗೆ ತಪಸ್ಸಿನ ಪ್ರಭಾವದಿಂದ ಹಗೆ ಮರೆತ ಪ್ರಾಣಿಗಳು ಎಂದು ಕೆಲವರು ಬೆಕ್ಕು–ಇಲಿಯನ್ನು ಓದುತ್ತಾರೆ. ಆದರೆ ಬೆಕ್ಕು ತಪಸ್ವಿಯ ಭಂಗಿಯಲ್ಲೇ ನಿಂತಿರುವುದಕ್ಕೆ ಆ ಓದು ಕಾರಣ ಕೊಡುವುದಿಲ್ಲ. ಕಪಟ ತಪಸ್ವಿಯ ಕಥೆ ಕೊಡುತ್ತದೆ.

ಈಗ ತಪಸ್ವಿಯ ಪಕ್ಕದ ಶಿವ. ನಾಲ್ಕು ಕೈ, ಸುತ್ತ ಗಣಗಳು, ಒಂದು ಕೈ ವರದ ಮುದ್ರೆಯಲ್ಲಿ ಕೆಳಗಿಳಿದಿದೆ. ವರ ಕೊಡುವಾಗ ತಪಸ್ವಿ ಇನ್ನೂ ತಪಸ್ಸಿನ ಭಂಗಿಯಲ್ಲೇ ಇದ್ದಾನೆ. ಮೊದಲು ಬರೆದಿಟ್ಟ ನಡೆಗಳ ಪಟ್ಟಿ ಇಲ್ಲಿ ಕೆಲಸಕ್ಕೆ ಬರುತ್ತದೆ. ವಾಲ್ಮೀಕಿಯಲ್ಲಿ ತಪಸ್ಸು ಮುಗಿದ ಕೂಡಲೇ ವರ, ನಡುವೆ ಏನೂ ಇಲ್ಲ. ವ್ಯಾಸ, ಭಾರವಿ ಇಬ್ಬರಲ್ಲೂ ನಡುವೆ ಕಥೆಯ ಜೀವಾಳವೇ ಇದೆ. ಅರ್ಜುನನ ಕಥೆ ಎಂದು ಓದಬೇಕಾದರೆ, ಶಿಲ್ಪಿ ಮೊದಲ ನಡೆಯನ್ನೂ ಕೊನೆಯ ನಡೆಯನ್ನೂ ಒಂದಕ್ಕೊಂದು ಅಂಟಿಸಿ, ಹಂದಿಯನ್ನೂ ಕಾಳಗವನ್ನೂ ಕೈಬಿಟ್ಟ ಎಂದು ಒಪ್ಪಬೇಕು. ಕಲ್ಲಿನಲ್ಲಿ ಎರಡು ಕಾಲವನ್ನು ಕೂಡಿಸುವುದು ಹೊಸತೇನಲ್ಲ. ಆದರೆ ಇಷ್ಟು ಆನೆ, ಸಿಂಹ, ಕೋತಿ, ಆಮೆ, ಜಿಂಕೆಗಳಿಗೆ ಜಾಗ ಕೊಟ್ಟವನು ಕಥೆಯನ್ನೇ ತಿರುಗಿಸುವ ಹಂದಿಯೊಂದಕ್ಕೆ ಜಾಗ ಕೊಡಲಿಲ್ಲ ಎನ್ನುವುದು, ತಪಸ್ವಿಯ ಬಳಿ ಬಿಲ್ಲೂ ಇಲ್ಲ ಎನ್ನುವುದು, ಎರಡೂ ಸೇರಿದರೆ ಭಾರವಾದ ಕೊರತೆಗಳು.

ಅರ್ಜುನನ ಪರವಾಗಿ ನಿಜವಾದ ಸಾಕ್ಷಿ ಇಲ್ಲ ಎಂದಲ್ಲ. ಎಡ ಬಂಡೆಯ ಮೇಲ್ಭಾಗದಲ್ಲಿ ಬಿಲ್ಲು ಹಿಡಿದ ಬೇಡರಿದ್ದಾರೆ. ಭಗೀರಥನ ಕಥೆಯಲ್ಲಿ ಅವರಿಗೇನು ಕೆಲಸ? ಹಿಮಾಲಯದ ಕಾಡಿನವರು ಎನ್ನಬಹುದು, ಆದರೆ ಕಿರಾತರು ಎಂದರೆ ಹೆಚ್ಚು ಸಲೀಸಾಗಿ ಹೊಂದುತ್ತದೆ. ಶಿವನ ಬಳಿಯ ಗಣಗಳಲ್ಲಿ ಒಬ್ಬನನ್ನು ಪಾಶುಪತಾಸ್ತ್ರದ ಪುರುಷರೂಪ ಎಂದು ಗುರುತಿಸುವವರೂ ಇದ್ದಾರೆ. ವಿಷ್ಣುವಿನ ಗುಡಿಯನ್ನು, ನರ–ನಾರಾಯಣರೆಂಬ ಜೋಡಿ ಋಷಿಗಳು ತಪಸ್ಸು ಮಾಡಿದ ಬದರಿಕಾಶ್ರಮ ಎಂದು ಓದಿ, ಅರ್ಜುನ ನರನ ಅವತಾರವಾದ್ದರಿಂದ ಅಲ್ಲಿ ನಾರಾಯಣನಿದ್ದಾನೆ ಎಂದು ಕೂಡಿಸುತ್ತಾರೆ.

ಎಲ್ಲಕ್ಕಿಂತ ಬಲವಾದ ಆಕ್ಷೇಪ ಗಂಗೆಯ ಓದಿನ ಮೇಲೆಯೇ ಇದೆ. ವಾಲ್ಮೀಕಿಯಲ್ಲಿ ಗಂಗೆ ಬೀಳುವುದು ಶಿವನ ಜಟೆಯ ಮೇಲೆ. ಬಂಡೆಯ ಶಿವ ಜಟೆ ಒಡ್ಡಿಲ್ಲ, ಸೀಳಿನ ಕೆಳಗೂ ನಿಂತಿಲ್ಲ, ಪಕ್ಕದಲ್ಲಿ ನಿಂತು ವರ ಕೊಡುತ್ತಿದ್ದಾನೆ. ಪಲ್ಲವ ಶಿಲ್ಪಿಗಳಿಗೆ ಗಂಗಾಧರ ಮೂರ್ತಿ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಇದೇ ನರಸಿಂಹವರ್ಮನ ತಂದೆ ಮಹೇಂದ್ರವರ್ಮ ತಿರುಚಿರಾಪಳ್ಳಿಯ ಬೆಟ್ಟದಲ್ಲಿ ಕೊರೆಸಿದ ಗುಹೆಯಲ್ಲಿ ಶಿವ ಜಟೆಯ ಎಳೆಯೊಂದನ್ನು ಕೈಯಲ್ಲಿ ಹಿಡಿದು ಎತ್ತಿದ್ದಾನೆ, ಮೇಲಿಂದ ಗಂಗೆ ಕೈಮುಗಿದು ಇಳಿಯುತ್ತಿದ್ದಾಳೆ. ಅದನ್ನು ಕಂಡ ಯಾರಿಗೂ ಅನುಮಾನ ಬರುವುದಿಲ್ಲ. ಕನ್ನಡ ನಾಡಿನಲ್ಲೂ ಅಂಥದ್ದೇ ಒಂದಿದೆ. ಐಹೊಳೆಯ ರಾವಣಫಡಿ ಗುಹೆಯಲ್ಲಿ ಶಿವ, ಪಾರ್ವತಿ, ಮೇಲೆ ಮೂವರು ನದೀದೇವಿಯರು, ಪಕ್ಕದಲ್ಲಿ ಎಲುಬುಗೂಡಾದ ಭಗೀರಥ. ಅಲ್ಲಿ ತಪಸ್ವಿ ಯಾರೆಂದು ಕೇಳುವ ಅಗತ್ಯವೇ ಇಲ್ಲ, ನದಿಗಳೇ ಹೇಳುತ್ತವೆ. ಮಹಾಬಲಿಪುರದ ಶಿಲ್ಪಿ ಇಷ್ಟು ಸ್ಪಷ್ಟವಾದ ಸಿದ್ಧ ಮಾದರಿಯನ್ನು ಬೇಕೆಂದೇ ಬಿಟ್ಟಿದ್ದಾನೆ.

ನನ್ನ ತೀರ್ಮಾನ ಹೀಗೆ. ಇಡೀ ಬಂಡೆಯ ಸಂಯೋಜನೆ ಗಂಗೆ ಇಳಿಯುವ ದೃಶ್ಯ. ಸೀಳು, ನಾಗರು, ತೊಟ್ಟಿ, ನದೀತೀರ, ಸೀಳಿನತ್ತ ಸಾಗುವ ಮೂರು ಲೋಕದ ಜೀವಿಗಳು, ಇವಕ್ಕೆಲ್ಲ ಒಟ್ಟಾಗಿ ಕಾರಣ ಕೊಡುವುದು ವಾಲ್ಮೀಕಿಯ ಕಥೆ ಮಾತ್ರ. 1914ರಲ್ಲಿ ವಿದ್ವಾಂಸ ವಿಕ್ಟರ್ ಗೊಲುಬ್ಯೂ ಈ ಓದನ್ನು ಮುಂದಿಟ್ಟಾಗ ಅವರ ವಾದದ ತಿರುಳೂ ಸೀಳಿನ ನೀರೇ ಆಗಿತ್ತು. ಆದರೆ ತಪಸ್ವಿ–ಶಿವರ ಜೋಡಿಯನ್ನು ಮಾತ್ರ ಬೇರ್ಪಡಿಸಿ ನೋಡಿದರೆ ಯಾರೂ ತೀರ್ಪು ಕೊಡಲಾರರು. ಆ ಜೋಡಿಯನ್ನು ಎರಡೂ ಕಥೆಗೆ ಸಲ್ಲುವಂತೆಯೇ ಕೆತ್ತಲಾಗಿದೆ. ಬೇಡರನ್ನು ಸೇರಿಸಿ, ಗಂಗಾಧರ ಮೂರ್ತಿಯನ್ನು ಬಿಟ್ಟು, ಅರ್ಜುನನಿಗೂ ಬಾಗಿಲು ತೆರೆದಿಟ್ಟಿದ್ದಾರೆ.

ಇದು ಜಾಣತನದ ವಾದ ಎಂದು ಬೇರೆಯವರಿಗೆ ಅನ್ನಿಸಬಹುದು. ಪಂಪನನ್ನು ಪಾಠ ಹೇಳುವ ನಿಮಗೆ ಅನ್ನಿಸಬಾರದು. ಅರ್ಜುನನ ಕಥೆ ಹೇಳುತ್ತಲೇ ಅರಿಕೇಸರಿಯ ಕಥೆ ಹೇಳುವುದು, ಓದುಗ ಒಂದು ಕಣ್ಣಲ್ಲಿ ಪುರಾಣವನ್ನೂ ಇನ್ನೊಂದರಲ್ಲಿ ತನ್ನ ಕಾಲದ ರಾಜನನ್ನೂ ನೋಡುವಂತೆ ಮಾಡುವುದು ಪಂಪ ಮಾಡಿದ ಕೆಲಸವೇ. ಒಂದೇ ಪದ್ಯದಲ್ಲಿ ರಾಮನ ಕಥೆಯೂ ಪಾಂಡವರ ಕಥೆಯೂ ನಡೆಯುವಂತೆ ಧನಂಜಯ ದ್ವಿಸಂಧಾನ ಕಾವ್ಯ ಬರೆದ. ಮಹೇಂದ್ರವರ್ಮನ ತಿರುಚಿರಾಪಳ್ಳಿ ಶಾಸನವೂ ಕಾವೇರಿ, ಗಂಗೆ, ಶಿವ, ರಾಜ ಎಲ್ಲರನ್ನೂ ಶ್ಲೇಷೆಯಲ್ಲಿ, ಅಂದರೆ ಒಂದೇ ಮಾತು ಎರಡು ಅರ್ಥ ಕೊಡುವಂತೆ, ಹೆಣೆಯುತ್ತದೆ. ಶ್ಲೇಷೆಯನ್ನು ಇಷ್ಟು ಪ್ರೀತಿಸಿದ ಆಸ್ಥಾನದ ಶಿಲ್ಪಿ ಕಲ್ಲಿನಲ್ಲೂ ಅದನ್ನು ಮಾಡಿದ ಎಂದರೆ ಅಸಹಜವಲ್ಲ. ಶಿವನಿಂದ ಅಸ್ತ್ರ ಪಡೆದ ವೀರ, ನಾಡಿಗೆ ನೀರು ತಂದ ದೊರೆ, ಇವೆರಡರಲ್ಲಿ ಒಂದನ್ನು ಬಿಟ್ಟುಕೊಡಲು ಯಾವ ಅರಸನಿಗೆ ಮನಸ್ಸು ಬರುತ್ತದೆ? ಮಾಮಲ್ಲ 642ರಲ್ಲಿ ಬಾದಾಮಿಯನ್ನೇ ಹಿಡಿದವನು. ಅವನ ಆಸ್ಥಾನಕ್ಕೆ ಅರ್ಜುನನ ಹೋಲಿಕೆ ಹತ್ತಿರದ್ದೇ ಆಗಿದ್ದೀತು.

ವಿದ್ಯಾರ್ಥಿಗಳು ಈ ಕೆಲಸ ಮಾಡುವಾಗ ಸಾಮಾನ್ಯವಾಗಿ ಎಡವುವ ಜಾಗಗಳನ್ನು ಹೇಳುತ್ತೇನೆ. ಹಲಗೆಯ ಮೇಲೆ ಬರೆದ ಹೆಸರನ್ನು ಸಾಕ್ಷಿ ಎಂದು ತಿಳಿಯುವುದು ಮೊದಲನೆಯದು. ಅದೇ ಊರಲ್ಲಿ ದ್ರೌಪದಿ ರಥ, ಅರ್ಜುನ ರಥ, ಧರ್ಮರಾಜ ರಥ ಇವೆ. ಆ ಏಕಶಿಲಾ ಗುಡಿಗಳಿಗೂ ಪಾಂಡವರಿಗೂ ಸಂಬಂಧವಿಲ್ಲ. ದ್ರೌಪದಿ ರಥದ ಒಳಗಿರುವುದು ದುರ್ಗೆ. ಕಲ್ಲಿನ ಯಾವ ದೊಡ್ಡ ಕೆಲಸ ಕಂಡರೂ ಜನ ಪಾಂಡವರ ಹೆಸರಿಡುವುದು ನಮ್ಮಲ್ಲೂ ಉಂಟು, ಬೆಟ್ಟಗುಡ್ಡಗಳ ಶಿಲಾಸಮಾಧಿಗಳನ್ನು ಪಾಂಡವರ ಗುಡಿ ಎನ್ನುವುದಿಲ್ಲವೇ? ಇನ್ನೊಂದು, ತಮಗೆ ಪ್ರಿಯವಾದ ಪಠ್ಯದ ಬಣ್ಣವನ್ನು ಕಲ್ಲಿಗೆ ಹಚ್ಚುವುದು. ಯಕ್ಷಗಾನದಲ್ಲಿ ಕಿರಾತನ ಅಬ್ಬರದ ಪ್ರವೇಶವನ್ನು ನೋಡಿ ಬೆಳೆದ ಹುಡುಗರು ಬಿಲ್ಲು ಹಿಡಿದ ಪ್ರತಿಯೊಬ್ಬನನ್ನೂ ಶಿವ ಎಂದು ತೋರಿಸುತ್ತಾರೆ. ನಾಲ್ಕು ಕೈ ಇದೆಯೇ, ತಲೆಯಲ್ಲಿ ಜಟಾಮುಕುಟ ಇದೆಯೇ, ಸುತ್ತಲಿನವರಿಗಿಂತ ಎತ್ತರವೇ 

ಎಂದು ಕೇಳಿ, ಸಾಕು. ಮೂರನೆಯದು, ಒಂದು ತೀರ್ಮಾನಕ್ಕೆ ಬಂದ ಮೇಲೆ ಹೊಂದದ ವಿವರಗಳನ್ನು ಟಿಪ್ಪಣಿಯಿಂದ ಕೈಬಿಡುವುದು. ಗಂಗೆ ಎಂದವರು ಬೇಡರನ್ನು, ಅರ್ಜುನ ಎಂದವರು ಬಟ್ಟೆ ಹಿಂಡುವವನನ್ನು ಬರೆಯುವುದೇ ಇಲ್ಲ. ‘ನನ್ನ ತೀರ್ಮಾನಕ್ಕೆ ಹೊಂದದ್ದು’ ಎಂಬ ಕಲಂ ಇಟ್ಟು, ಅದರಲ್ಲಿ ಕನಿಷ್ಠ ಮೂರು ವಿವರ ಇರಲೇಬೇಕು ಎಂದು ನಿಯಮ ಮಾಡಿ.

ತರಗತಿಯಲ್ಲಿ ಇದನ್ನು ಎರಡು ಅವಧಿಯಲ್ಲಿ ಮಾಡಬಹುದು. ಮೊದಲ ಅವಧಿಯಲ್ಲಿ ಫೋಟೋ ತೋರಿಸದೆ ಪಠ್ಯ ಮಾತ್ರ: ಅರ್ಧ ತರಗತಿಗೆ ಕೈರಾತ ಭಾಗದ ಗದ್ಯಾನುವಾದ, ಇನ್ನರ್ಧಕ್ಕೆ ಬಾಲಕಾಂಡದ್ದು. ಪ್ರತಿ ಗುಂಪೂ ತನ್ನ ಕಥೆಯಿಂದ, ಶಿಲ್ಪಿ ಬಿಡಲೇಬಾರದ ಐದು ವಿವರ ಆರಿಸಬೇಕು. ಎರಡನೆಯ ಅವಧಿಯಲ್ಲಿ ದೊಡ್ಡ ಫೋಟೋ ಹಾಕಿ, ತಪಸ್ವಿ ಮತ್ತು ಶಿವ ಇರುವ ಭಾಗವನ್ನು ಕಾಗದದಿಂದ ಮುಚ್ಚಿ ಉಳಿದದ್ದನ್ನು ಓದಿಸಿ. ಮುಚ್ಚಿದಾಗ ಇದು ಯಾರ ಕಥೆ ಎನ್ನಿಸುತ್ತದೆ, ತೆರೆದಾಗ ಏನು ಬದಲಾಯಿತು ಎಂದು ಬರೆಸಿ. ಪಂಪ, ಕುಮಾರವ್ಯಾಸರನ್ನು ಇದಾದ ಮೇಲೆ ತನ್ನಿ.

ಹಂದಿ ಇರುವ ಚಿತ್ರ ಬೇಕಾದರೆ ಲೇಪಾಕ್ಷಿಗೆ ಹೋಗಿ. ಹಿಂದೂಪುರದ ಹತ್ತಿರ, ಬೆಂಗಳೂರಿನಿಂದ ಒಂದೇ ದಿನದಲ್ಲಿ ಹೋಗಿಬರಬಹುದು. ವಿಜಯನಗರದ ಅಚ್ಯುತರಾಯನ ಕಾಲದ ವೀರಭದ್ರ ಗುಡಿಯ ಮಂಟಪದ ಚಾವಣಿಯಲ್ಲಿ ಕಿರಾತಾರ್ಜುನೀಯವನ್ನು ನಡೆನಡೆಯಾಗಿ ಬರೆದಿದ್ದಾರೆ. ಅಲ್ಲಿ ಪಾತ್ರ ಯಾರೆಂಬ ಗೊಂದಲವಿಲ್ಲ, ಚಿತ್ರಕಾರ ಯಾವ ಪಠ್ಯದ ಹತ್ತಿರ ನಿಂತಿದ್ದಾನೆ ಎನ್ನುವುದೇ ಪ್ರಶ್ನೆ. ಚಾವಣಿ ನೋಡಲು ಬೈನಾಕ್ಯುಲರ್ ಜೊತೆ ಒಂದು ಕೈಗನ್ನಡಿಯೂ ಇರಲಿ, ಕತ್ತು ನೋಯದೆ ಹೆಚ್ಚು ಹೊತ್ತು ನೋಡಬಹುದು, ಆದರೆ ಕನ್ನಡಿಯಲ್ಲಿ ಎಡಬಲ ಅದಲುಬದಲಾಗುವುದನ್ನು ಮರೆಯಬೇಡಿ. ಬೇಡನ ಜೊತೆ ಉಮೆ ಇದ್ದಾಳೆಯೇ ಎಂದು ನೋಡಿ, ವ್ಯಾಸನಲ್ಲಿ ಅವಳು ಜೊತೆಗೇ ಬರುತ್ತಾಳೆ. ಹಂದಿ ಬಿದ್ದ ಮೇಲೆ ಶಿವನೇ ಎದುರು ನಿಂತು ಜಗಳ ತೆಗೆಯುತ್ತಾನೆಯೇ, ಅಥವಾ ದೂತನೊಬ್ಬ ಬಂದಿದ್ದಾನೆಯೇ ಎಂದು ಹುಡುಕಿ. ದೂತ ಭಾರವಿಯವನು. ಹಂದಿಯ ಮೈಯಲ್ಲಿರುವ ಬಾಣಗಳನ್ನೂ ಎಣಿಸಿ. ಭಾರವಿಯಲ್ಲಿ ಶಿವನ ಬಾಣ ಹಂದಿಯನ್ನು ಹಾಯ್ದು ನೆಲದೊಳಗೆ ಹೋಗಿಬಿಡುತ್ತದೆ, ಮೈಯಲ್ಲಿ ಉಳಿಯುವುದು ಅರ್ಜುನನದು ಮಾತ್ರ.